ಕೋಡ್ ಸರಿಯಾಗೇ ಇದೆ, ಸ್ಕ್ರೀನ್ ಮೇಲೆ ಮಾತ್ರ ಯಾಕೆ ಕಸ?

ಹಳೆಯ ಕನ್ಸೋಲ್‌ಗಳಿಗೆ ಅಸೆಂಬ್ಲಿಯಲ್ಲಿ (ಪ್ರೊಸೆಸರ್‌ನ ಸ್ವಂತ ಇನ್‌ಸ್ಟ್ರಕ್ಷನ್‌ಗಳಲ್ಲೇ) ಗೇಮ್ ಬರೆಯಲು ಹೊರಟವರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ: "ಅಸೆಂಬ್ಲರ್ ಒಂದು ಎರರ್ ಕೂಡ ಕೊಡಲ್ಲ. ಎಷ್ಟು ಸಲ ಓದಿದ್ರೂ ತಪ್ಪು ಕಾಣಲ್ಲ. ಆದ್ರೆ ಸ್ಕ್ರೀನ್ ತುಂಬ ಕಸ. ಎಲ್ಲಿಂದ ಹುಡುಕೋಕೆ ಶುರು ಮಾಡ್ಲಿ?"

ಮೊದಲು ಕೋಡ್ ಓದುವುದನ್ನು ನಿಲ್ಲಿಸಿ. ನೀವು ಬರೆದ ಅಡ್ರೆಸ್ ಒಂದು, ಸಿಪಿಯು ನಿಜವಾಗಿ ಮುಟ್ಟಿದ ಅಡ್ರೆಸ್ ಇನ್ನೊಂದು ಇರಬಹುದು. ಸೋರ್ಸ್ ಫೈಲ್‌ನಲ್ಲಿ ಕಾಣುವುದು ಮೊದಲನೆಯದು ಮಾತ್ರ. ಎರಡನೆಯದು ಬೇಕಿದ್ದರೆ ಡಿಬಗರ್ (ಓಡುತ್ತಿರುವ ಕೋಡನ್ನು ನಿಲ್ಲಿಸಿ ಒಳಗೆ ನೋಡುವ ಸಾಧನ) ತೆರೆಯಲೇಬೇಕು. ನನಗೆ ಜಾಸ್ತಿ ಪರಿಚಯ ಇರುವ ನಿಂಟೆಂಡೋದ ಎನ್‌ಇಎಸ್ ಕನ್ಸೋಲ್ ಮತ್ತು ಅದರ 6502 ಪ್ರೊಸೆಸರ್ ಇಟ್ಟುಕೊಂಡೇ ಹೇಳುತ್ತೇನೆ.

ಯಾವ ವೇರಿಯಬಲ್ ಕೆಟ್ಟಿದೆ ಅನ್ನುವುದು ಗೊತ್ತಿದ್ದರೆ ಅದರ ಅಡ್ರೆಸ್‌ಗೆ ರೈಟ್ ಬ್ರೇಕ್‌ಪಾಯಿಂಟ್ (ಬರೆದಾಗ ನಿಲ್ಲು ಅನ್ನುವ ಗುರುತು) ಹಾಕಿ. ಮೆಸೆನ್, ಎಫ್‌ಸಿಇಯುಎಕ್ಸ್ ಅನ್ನುವ ಎರಡೂ ಎಮ್ಯುಲೇಟರ್‌ಗಳಲ್ಲಿ (ಕನ್ಸೋಲನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ರೋಗ್ರಾಂಗಳು) ಈ ಸೌಲಭ್ಯ ಇದೆ. ಅಲ್ಲಿ ಯಾರಾದರೂ ಬರೆದ ತಕ್ಷಣ ಆಟ ನಿಲ್ಲುತ್ತದೆ. ನಿಂತ ಸಾಲು ನೀವು ಅನುಮಾನಪಟ್ಟ ಸಾಲೇ ಆಗಿರುವುದು ಅಪರೂಪ. ಆಗ ಎಕ್ಸ್, ವೈ ರಿಜಿಸ್ಟರ್‌ಗಳಲ್ಲಿ (ಅಡ್ರೆಸ್‌ಗೆ ಕೂಡಿಸುವ ಸಂಖ್ಯೆ ಇಡುವ, ಸಿಪಿಯು ಒಳಗಿನ ಜಾಗಗಳು) ಏನಿದೆ ಅಂತ ನೋಡಿ. ಅರ್ಧಕ್ಕರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಹೊಸಬರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು # ಬಿಟ್ಟುಹೋಗುವುದು. 'ಎಲ್‌ಡಿಎ #$10' ಅಂದರೆ $10 ಅನ್ನುವ ಸಂಖ್ಯೆಯನ್ನೇ ತಗೋ ಅಂತ ($ ಅಂದರೆ ಹೆಕ್ಸಾಡೆಸಿಮಲ್ ಸಂಖ್ಯೆ). 'ಎಲ್‌ಡಿಎ $10' ಅಂದರೆ ಆ ಅಡ್ರೆಸ್‌ನಲ್ಲಿ ಇರುವುದನ್ನು ತಗೋ ಅಂತ. ಎರಡೂ ಸರಿಯಾದ ಇನ್‌ಸ್ಟ್ರಕ್ಷನ್‌ಗಳೇ. ಪಾಪ, ಅಸೆಂಬ್ಲರ್ ಏನಂತ ದೂರಲಿ?

ಇದಕ್ಕಿಂತ ತಂಟೆ ಕೊಡುವುದು ಜೀರೋ ಪೇಜ್, ಅಂದರೆ ಮೆಮೊರಿಯ ಮೊದಲ 256 ಬೈಟ್. 'ಎಲ್‌ಡಿಎ $90,ಎಕ್ಸ್' ಬರೆದಿದ್ದೀರಿ, ಎಕ್ಸ್‌ನಲ್ಲಿ $80 ಇದೆ ಅಂದುಕೊಳ್ಳಿ. ಕೂಡಿದರೆ $0110. ಆದರೆ ಜೀರೋ ಪೇಜ್ ಮೋಡ್‌ನಲ್ಲಿ ಸಿಪಿಯು ಆ ಪೇಜ್ ದಾಟುವುದೇ ಇಲ್ಲ, ಸುತ್ತಿಕೊಂಡು ಬಂದು $0010 ಓದುತ್ತದೆ. ಎನ್‌ಇಎಸ್‌ಎಎಸ್‌ಎಂ ಅನ್ನುವ ಅಸೆಂಬ್ಲರ್ ಬಳಸುವವರಿಗೆ ಇನ್ನೊಂದು ತಮಾಷೆ ಕಾದಿರುತ್ತದೆ. ಅಡ್ರೆಸ್ ಮುಂದೆ < ಹಾಕದಿದ್ದರೆ ಅದು ಪೂರ್ತಿ ಎರಡು ಬೈಟಿನ ಅಡ್ರೆಸ್ ಅಂತಲೇ ತಿಳಿಯುತ್ತದೆ. ಆಗ ಅದೇ ಸಾಲು ನಿಜಕ್ಕೂ $0110 ಓದುತ್ತದೆ, ಅಂದರೆ ಸ್ಟ್ಯಾಕ್ (ವಾಪಸ್ ಹೋಗಬೇಕಾದ ಅಡ್ರೆಸ್‌ಗಳನ್ನು ಸಿಪಿಯು ಇಡುವ ಕಡೆ) ಇರುವ ಜಾಗ. ಸಿಎ65 ಅನ್ನುವ ಇನ್ನೊಂದು ಅಸೆಂಬ್ಲರ್‌ನಲ್ಲಿ ಚೆನ್ನಾಗಿ ಓಡಿದ ಕೋಡನ್ನು ಸುಮ್ನೆ ಕಾಪಿ ಮಾಡಿ ಇಲ್ಲಿಗೆ ತಂದರೆ ಹೀಗೆ ಬೇರೆಯೇ ಬೈಟ್ ಕೈಗೆ ಬರಬಹುದು. ಆದ್ದರಿಂದ ಅಸೆಂಬ್ಲರ್ ಹೊರಹಾಕಿದ ಬೈಟ್‌ಗಳನ್ನೂ ಒಮ್ಮೆ ನೋಡಿ.

ಪಾಯಿಂಟರ್‌ಗಳ (ಇನ್ನೊಂದು ಅಡ್ರೆಸ್ ಹಿಡಿದಿಟ್ಟ ಎರಡು ಬೈಟ್) ಗಲಾಟೆ ನನಗೆ ತುಂಬಾ ಇಷ್ಟ, ಯಾಕಂದ್ರೆ ಅಲ್ಲಿ ರೋಗ ಒಂದು ಕಡೆ, ನೋವು ಇನ್ನೊಂದು ಕಡೆ. 6502 ಕೆಳ ಬೈಟನ್ನು ಮೊದಲು ಬಯಸುತ್ತದೆ. ನಿಮ್ಮ ಟೇಬಲ್ $8123ರಲ್ಲಿದ್ದರೆ ಪಾಯಿಂಟರ್‌ನಲ್ಲಿ $23, ಆಮೇಲೆ $81 ಇರಬೇಕು. ಅದಲುಬದಲಾದರೆ $2381 ಆಗುತ್ತದೆ. ಅಲ್ಲಿ ರಾಮ್ ಕೂಡ ಇಲ್ಲ, ರಾಮ್‌ನ ನೆರಳೂ ಇಲ್ಲ. ಗ್ರಾಫಿಕ್ಸ್ ಚಿಪ್ ಪಿಪಿಯುನ ಎಂಟು ರಿಜಿಸ್ಟರ್‌ಗಳು $2000ದಿಂದ $4000ದ ಹಿಂದಿನ ಬೈಟ್‌ವರೆಗೂ ಪ್ರತಿ ಎಂಟು ಬೈಟಿಗೊಮ್ಮೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಪಾಯಿಂಟರ್‌ಗೆ ವೈ ಕೂಡಿಸಿಕೊಂಡು ಒಂದೊಂದೇ ಬೈಟ್ ಓದುವಾಗ, ವೈ ಒಂದಾದಾಗ ನೀವು ಓದುವುದು $2002ರ ಪ್ರತಿಬಿಂಬ. ಅದನ್ನು ಓದಿದರೆ ಸಾಕು, ವಿಬ್ಲಾಂಕ್ ಫ್ಲ್ಯಾಗ್ (ಒಂದು ಫ್ರೇಮ್ ಬಿಡಿಸಿ ಮುಗಿಯಿತು ಅನ್ನುವ ಸೂಚನೆ) ಅಳಿಸಿಹೋಗುತ್ತದೆ. ವೈ ಆರಾದಾಗ $2007. ಅದನ್ನು ಓದಿದರೆ ವೀಡಿಯೋ ಮೆಮೊರಿಯ ಅಡ್ರೆಸ್ ಮುಂದಕ್ಕೆ ಸರಿಯುತ್ತದೆ. ಬರೀ ಓದಿದ್ದಷ್ಟೇ, ಎಲ್ಲೂ ಬರೆದಿಲ್ಲ. ಆದರೂ ಚಿತ್ರ ಕೆಡುತ್ತದೆ. ನೀವು ಚಿತ್ರ ಬಿಡಿಸುವ ಕೋಡನ್ನು ಬೈಯುತ್ತಾ ಕೂತಿರುತ್ತೀರಿ.

ಇದು ಅಭ್ಯಾಸವಾಯಿತು ಅನ್ನುವಷ್ಟರಲ್ಲಿ $2006 ಬರುತ್ತದೆ. ಪಿಪಿಯುಗೆ ಅಡ್ರೆಸ್ ಕೊಡುವಾಗ ಮೇಲಿನ ಬೈಟ್ ಮೊದಲು ಹೋಗಬೇಕು, ಪೂರ್ತಿ ಉಲ್ಟಾ. ಎಷ್ಟನೇ ಬೈಟ್ ಬಂತು ಅನ್ನುವ ಲೆಕ್ಕ ಸ್ಕ್ರೋಲ್ ರಿಜಿಸ್ಟರ್ $2005ಕ್ಕೂ ಇದಕ್ಕೂ ಒಂದೇ. ಹಾಗಾಗಿ ಮೊದಲು $2002 ಓದಿ ಲೆಕ್ಕ ಸೊನ್ನೆ ಮಾಡಿಕೊಳ್ಳಿ.

ಇನ್ನು ಕೆಲವು ತಪ್ಪುಗಳನ್ನು ಡಿಬಗರ್ ಇಲ್ಲದೆ, ಚಿತ್ರ ನೋಡಿಯೇ ಹೇಳಬಹುದು. ಸ್ಕ್ರೀನಿನ ಮೇಲಿನ ಎಂಟು ಸಾಲುಗಳೇ ಕೆಳಗೆ ಮತ್ತೆ ಮತ್ತೆ ಬರುತ್ತಿವೆಯಾ? ಒಂದು ಸಾಲಿಗೆ 32 ಟೈಲ್ (ಚಿತ್ರದ ಪುಟ್ಟ ಚೌಕಗಳು), ಎಂಟು ಸಾಲಿಗೆ 256. ಅಂದರೆ ವೈ ಮತ್ತೆ ಸೊನ್ನೆಗೆ ಬಂದಿದೆ, ನೀವು ಪಾಯಿಂಟರ್‌ನ ಮೇಲಿನ ಬೈಟ್ ಏರಿಸಿಲ್ಲ.

ಯಾವಾಗಲೋ ಒಮ್ಮೆ ಮಾತ್ರ ಕೆಡುತ್ತೆ ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: ಎನ್‌ಎಂಐ ರೂಟೀನ್ (ವಿಬ್ಲಾಂಕ್ ಬಂದಾಗ ಮುಖ್ಯ ಕೋಡನ್ನು ತಡೆದು ಓಡುವ ಕೋಡ್) ಮತ್ತು ಮುಖ್ಯ ಕೋಡ್ ಎರಡೂ ಒಂದೇ ತಾತ್ಕಾಲಿಕ ಪಾಯಿಂಟರ್ ಬಳಸುತ್ತಿವೆಯಾ? ಮುಖ್ಯ ಕೋಡ್ ಕೆಳ ಬೈಟ್ ತುಂಬಿ ಮೇಲಿನದನ್ನು ತುಂಬುವ ಮೊದಲೇ ಎನ್‌ಎಂಐ ನುಗ್ಗಿದರೆ, ವಾಪಸ್ ಬರುವಷ್ಟರಲ್ಲಿ ಆ ಪಾಯಿಂಟರ್ ಅರ್ಧ ಇವರದು, ಅರ್ಧ ಅವರದು. ಎರಡಕ್ಕೂ ಬೇರೆ ಬೇರೆ ಬೈಟ್ ಕೊಟ್ಟುಬಿಡಿ. ಜೀರೋ ಪೇಜ್‌ನಲ್ಲಿ ಎರಡು ಬೈಟ್ ಉಳಿಸಿ ಯಾರಿಗೂ ಏನೂ ಆಗಬೇಕಿಲ್ಲ.

ಪಾಯಿಂಟರ್ ಸರಿ ಇದೆ, ಡೇಟಾ ಮಾತ್ರ ಬೇರೆ ಅಂದರೆ ಬ್ಯಾಂಕ್ (ಆ ಅಡ್ರೆಸ್‌ನಲ್ಲಿ ಈಗ ಜೋಡಿಸಿರುವ ಆರ್‌ಒಎಂ ತುಂಡು) ನೋಡಿ. ಯುಎಕ್ಸ್‌ಆರ್‌ಒಎಂ ಥರದ ಕಾರ್ಟ್ರಿಡ್ಜ್‌ನಲ್ಲಿ $8000ದಿಂದ 16 ಕೆಬಿ ಬದಲಾಗುತ್ತಲೇ ಇರುತ್ತದೆ. ಅಡ್ರೆಸ್ ಅದೇ, ಆದರೆ ಅದರ ಹಿಂದೆ ಇರುವುದು ಆರ್‌ಒಎಂನ ಬೇರೆ ತುಂಡು. ಎಮ್ಯುಲೇಟರ್‌ನಲ್ಲಿ ಓಡಿ ನಿಜವಾದ ಕನ್ಸೋಲ್‌ನಲ್ಲಿ ಕೈಕೊಟ್ಟರೆ, ಪವರ್ ಹಾಕಿದಾಗ ರಾಮ್ ಖಾಲಿ ಇರುತ್ತದೆ ಅಂತ ನಂಬಿದ್ದೀರಾ ನೋಡಿ. ಬರೆಯದ ಮೆಮೊರಿಯನ್ನು ಓದಿದಾಗ ನಿಲ್ಲಿಸುವ ಆಯ್ಕೆ ಮೆಸೆನ್‌ನಲ್ಲಿದೆ. ನಾನಂತೂ ಅದನ್ನು ಯಾವಾಗಲೂ ಆನ್ ಮಾಡಿಯೇ ಇಟ್ಟಿರುತ್ತೇನೆ.