ಸುದ್ದಿಗೆ ಜೀಪು, ಫೋನಿಗೆ ಚಾರ್ಜು

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವಲ್ಲ, ಆಗ ಮಡಿಕೇರಿಯ ಒಂದು ಮನೆ ಇಳಿಜಾರಿನಲ್ಲಿ ಕುಸಿದುಬೀಳುವ ವಿಡಿಯೊವನ್ನು ಟಿವಿಯವರು ಎಷ್ಟು ಸಲ ತೋರಿಸಿದರೋ! ಸುಂಟಿಕೊಪ್ಪದಲ್ಲಿದ್ದ ನಮಗೆ ಬೇಕಿದ್ದದ್ದೇ ಬೇರೆ. ಮಕ್ಕಂದೂರಿನವರನ್ನು ಯಾವ ಕ್ಯಾಂಪಿಗೆ ಕರೆತಂದಿದ್ದಾರೆ? ಮಾದಾಪುರದ ಕಡೆ ಜೀಪಾದರೂ ಹೋಗುತ್ತಾ? ಜೋಡುಪಾಲದಲ್ಲಿ ರಸ್ತೆ ಹಾಳಾಗಿ ಮಂಗಳೂರು ದಾರಿ ಬಂದ್. ಸಂಪಾಜೆ ಕಡೆಗೆ ಇಳಿದ ನೆಂಟರು ಏನಾದರು ಅಂತ ಈ ಕಡೆಯವರಿಗೆ ಗೊತ್ತಿಲ್ಲ.

ಇದನ್ನೆಲ್ಲ ಹುಡುಕಿ ತಿಳಿಯುತ್ತಿದ್ದವರು ನಮ್ಮೂರಿನ ವರದಿಗಾರರೊಬ್ಬರು. ತಿಂಗಳ ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಕಾಸು. ಕರೆಂಟ್ ಇಲ್ಲದೆ ಅವರ ಫೋನ್ ಸತ್ತಿತ್ತು, ಬೈಕಿನಲ್ಲಿ ಪೆಟ್ರೋಲ್ ಇರಲಿಲ್ಲ. "ಅಣ್ಣ, ಜೀಪಲ್ಲಿ ಬನ್ನಿ, ಚಾರ್ಜೂ ಆಗುತ್ತೆ" ಅಂದೆ.

ಕ್ಯಾಂಪಿನಲ್ಲಿ ಅವರು ಹೊರತೆಗೆದದ್ದು ಕ್ಯಾಮೆರಾ ಅಲ್ಲ, ಇನ್ನೂರು ಪುಟದ ನೋಟ್‌ಬುಕ್ಕು ಮತ್ತು ಪೆನ್ಸಿಲ್ಲು. ಪೆನ್ನಾದರೆ ಮಳೆಗೆ ಅಕ್ಷರ ಹರಡುತ್ತಂತೆ. ಚಾಪೆಯಿಂದ ಚಾಪೆಗೆ ಹೋಗಿ ಕೂತರು. ಒಬ್ಬರ ಹತ್ತಿರ ಕೊಡವ ತಕ್ಕ್, ಪಕ್ಕದವರ ಹತ್ತಿರ ಅರೆಭಾಷೆ, ಮೂಲೆಯ ಅಜ್ಜಿಯ ಹತ್ತಿರ ಮಲಯಾಳ. ಹೆಸರು, ಊರು, ಜೊತೆಗೆ ಯಾರಿದ್ದಾರೆ, ಯಾರು ಸಿಕ್ಕಿಲ್ಲ. ಹೊರಗಿನಿಂದ ಬಂದ ಯಾವ ಚಾನೆಲ್‌ನವರಿಗೆ ಇದು ಸಾಧ್ಯವಿತ್ತು ಹೇಳಿ?

ಸಿಗ್ನಲ್ ಸಿಗುವಲ್ಲಿ ಜೀಪು ನಿಲ್ಲಿಸಿ ಪಟ್ಟಿಯನ್ನು ಟೈಪ್ ಮಾಡಿ ಕಳಿಸುವುದು ನನ್ನ ಕೆಲಸ. "ಫೋನ್ ನಂಬರ್ ಹಾಕ್ಬೇಡ ಮಾರಾಯ, ಕಂಡಕಂಡವರೆಲ್ಲ ಕಾಲ್ ಮಾಡ್ತಾರೆ. ಟೈಮ್ ಮಾತ್ರ ಹಾಕು. ಬೆಳಿಗ್ಗೆ ಇದ್ದ ರಸ್ತೆ ಮಧ್ಯಾಹ್ನ ಇರಲ್ಲ" ಅಂದರು. ಅಷ್ಟರಲ್ಲಿ ಡ್ಯಾಮ್ ಒಡೆಯುತ್ತಂತೆ ಅಂತ ಯಾರದೋ ಆಡಿಯೊ ಬಂತು. ಕೇಳಿದವರೆಲ್ಲ ಮುಂದಕ್ಕೆ ಕಳಿಸುತ್ತಿದ್ದರು. ಇವರು ಸುಮ್ನೆ ಎಂಜಿನಿಯರ್‌ಗೆ ಫೋನ್ ಹಚ್ಚಿದರು. ಸಿಗಲಿಲ್ಲ. ಮತ್ತೆ ಮತ್ತೆ ಹಚ್ಚಿದರು. ಅದು ಸುಳ್ಳು ಅಂತ ಖಾತ್ರಿಯಾದ ಮೇಲೇ ನನ್ನ ಕೈಲಿ ಟೈಪ್ ಮಾಡಿಸಿದರು. ಹೊತ್ತು ಹೋಯಿತು, ನಿಜ. ಆದರೆ ಆ ಮಾತನ್ನು ಜನ ನಂಬಿದರು.

ದುಬೈನಿಂದ ಒಬ್ಬ ಹುಡುಗ ಕಾಲ್ ಮಾಡಿದ. ಪಟ್ಟಿಯಲ್ಲಿ ಅವನ ಅಮ್ಮನ ಹೆಸರಿತ್ತು. ಅವನ ಅಳು ನಿಲ್ಲುವ ತನಕ ಫೋನ್ ಹಿಡಿದುಕೊಂಡಿದ್ದೆ.

ಬೆಂಗಳೂರಿನಿಂದ ಲಾರಿಗಟ್ಟಲೆ ಹಳೇ ಬಟ್ಟೆ ಬಂದು ಬೀಳುತ್ತಿತ್ತು. ಇನ್ನೇನು ಕಳಿಸಲಿ ಅಂತ ಗೆಳೆಯನೊಬ್ಬ ಕೇಳಿದ. "ನಮ್ಮ ವರದಿಗಾರರಿಗೆ ಪವರ್ ಬ್ಯಾಂಕು, ರೇನ್‌ಕೋಟು, ಪೆಟ್ರೋಲಿಗೆ ಕಾಸು" ಅಂದೆ. ತಮಾಷೆ ಅಂದುಕೊಂಡ, ಆದರೂ ಕಳಿಸಿದ. ಕಾಸನ್ನು ಮಾತ್ರ ಅಣ್ಣ ಮುಟ್ಟಲಿಲ್ಲ. "ನಿನ್ನ ಜೀಪಿಗೆ ಡೀಸೆಲ್ ಹಾಕಿಸು, ನಾಳೆ ಹಟ್ಟಿಹೊಳೆ ಕಡೆ ಹೋಗೋಣ" ಅಂದರು.