ಹರಗಿದಷ್ಟೂ ಕಸ ಏಳುವುದೇಕೆ?

ನಮ್ಮ ಗದಗ ಸೀಮೆಯ ಎರೆ ಹೊಲದಲ್ಲಿ ಕಸ, ಅಂದರೆ ಕಳೆ, ಏಳಲು ಮಳೆಯೊಂದೇ ಸಾಲದು, ಮೇಲ್ಮಣ್ಣನ್ನು ಹರಗುವ, ಅಂದರೆ ಕೆರೆದು ಸಡಿಲಿಸುವ, ಕುಂಟೆಯೂ ಬೇಕು. ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಜೋಳ, ಕಡಲೆ ಬಿತ್ತುವ ಹೊಲವನ್ನು ನೋಡಿ. ಹದ ಮಳೆಯಾದ ಮೇಲೆ ಹರಗಿದ ಜಾಗ ವಾರದೊಳಗೆ ಹಸಿರಾಗುತ್ತದೆ. ಕುಂಟೆ ತಾಗದ ಬದುವಿನ ಅಂಚಿನಲ್ಲಿ ಹಳೆಯ ಕಸವೇ ಇರುತ್ತದೆ, ಹೊಸ ಮೊಳಕೆ ಅಷ್ಟಿಲ್ಲ.

ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನನಗೆ ಇದು ಇಷ್ಟದ ಪಾಠ. ಕಸದ ಬೀಜಕ್ಕೆ ತಾಳ್ಮೆ ಬಹಳ. 1879ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಬಾಟಲಿಗಳಲ್ಲಿ ಹೂತಿಟ್ಟ ಬೀಜಗಳಲ್ಲಿ ಕೆಲವು, 2021ರಲ್ಲಿ ಹೊರತೆಗೆದಾಗಲೂ ಮೊಳೆತವು! ಬೀಜದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕಿಗೆ ಎಚ್ಚರಗೊಳ್ಳುತ್ತದೆ. ಕುಂಟೆಯ ಕುಡದಿಂದ ಮಣ್ಣು ಮಗುಚಿದಾಗ ಬೀಜಕ್ಕೆ ಕ್ಷಣಮಾತ್ರ ಬಿಸಿಲು ತಾಗಿದರೂ ಸಾಕು, ಮತ್ತೆ ಮಣ್ಣೊಳಗೆ ಬಿದ್ದು ಮೊಳೆಯುತ್ತದೆ. ಜೊತೆಗೆ ಗಾಳಿ ಆಡುತ್ತದೆ, ಹಗಲಿನ ಕಾವು ಒಳಗಿಳಿಯುತ್ತದೆ.

ಹರಿವೆ ಜಾತಿಯ ಕಸವಾದ ಕಿರಕಸಾಲಿಯ ಎರಡೆಲೆಯ ಸಸಿಯೊಂದನ್ನು ಮೆಲ್ಲಗೆ ಎತ್ತಿ ನೋಡಿ. ಮಣ್ಣಿನೊಳಗಿದ್ದ ಬಿಳಿ ಕಾಂಡ ಉಗುರಿನಷ್ಟೂ ಉದ್ದವಿರುವುದಿಲ್ಲ. ಸಾಸಿವೆಗಿಂತ ಸಣ್ಣ ಬೀಜ. ಗೇಣು ಆಳದಿಂದ ಮೇಲೇಳುವ ಬುತ್ತಿ ಅದರಲ್ಲಿ ಎಲ್ಲಿಂದ ಬರಬೇಕು?

ಆದ್ದರಿಂದಲೇ ಮಳೆಗೊಮ್ಮೆ ಹರಗುವ ಹಿರಿಯರ ಪದ್ಧತಿ ನನಗೆ ಸರಿ ಎನಿಸುತ್ತದೆ. ಒಂದು ಹರಗಾಟ ಕಸವನ್ನು ಎಬ್ಬಿಸುತ್ತದೆ, ಮುಂದಿನದು ಕೊಲ್ಲುತ್ತದೆ. ಬಿತ್ತುವ ಮುಂಚಿನ ಕೊನೆಯ ಹರಗಾಟ ಮಾತ್ರ ತೆಳುವಾಗಿರಬೇಕು. ಅಷ್ಟೆಲ್ಲ ದುಡಿದು ಬಿತ್ತುವ ಹಿಂದಿನ ದಿನ ರೋಟವೇಟರ್ ಆಳಕ್ಕೆ ಇಳಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಕೆಳಗೆ ಮಲಗಿದ್ದ ಬೀಜವನ್ನೆಲ್ಲ ಕೈಯಾರೆ ಮೇಲೆ ತಂದಂತಾಯಿತು.

ಇದನ್ನು ಕೇಳಿದ ಪಕ್ಕದ ಹೊಲದ ಕಾಕಾ, “ಹಾಗಾದರೆ ರಾತ್ರಿ ಹರಗಬೇಕೇನು?” ಎಂದು ನಕ್ಕರು. ನಗುವ ಮಾತಲ್ಲ. ಜರ್ಮನಿಯ ಹಾರ್ಟ್‌ಮನ್ ಮತ್ತು ನೆಜಾಡಲ್ ಕತ್ತಲಲ್ಲಿ ಉತ್ತರೆ ಕಸ ಕಡಿಮೆ ಏಳುತ್ತದೆ ಎಂದು 1990ರಲ್ಲೇ ಬರೆದರು. ನಂತರ ಬೇರೆಯವರು ಮಾಡಿ ನೋಡಿದಾಗ ಫಲ ಎಲ್ಲ ಕಡೆಯೂ ಒಂದೇ ತೆರನಾಗಿ ಬರಲಿಲ್ಲ. ಬೆಳಕಿನ ಹಂಗಿಲ್ಲದ ಬೀಜಗಳೂ ಬೇಕಾದಷ್ಟಿವೆ.

“ಜೇಕಿಗೆ?” ಎಂದರು ಕಾಕಾ. ಅದು ಗಡ್ಡೆಯಿಂದ ಏಳುವ ಕಸ, ಹಗಲಾದರೇನು ಇರುಳಾದರೇನು. ಕುಂಟೆ ಹೊಡೆದರೆ ಗಡ್ಡೆಯ ಸರ ಕಡಿದು ಹೊಲದ ತುಂಬ ಹರಡುತ್ತದೆ. ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಸಿ, ಮೇಲೆ ಬಂದ ಗಡ್ಡೆಯನ್ನು ಬಿಸಿಲಿಗೆ ಒಣಗಲು ಬಿಡಿ, ಆದಷ್ಟು ಆರಿಸಿ ತೆಗೆಯಿರಿ ಎಂದೆ. ಕಾಕಾ ಟ್ರ್ಯಾಕ್ಟರಿನ ಬಾಡಿಗೆ ಎಷ್ಟಾಗುತ್ತದೆಂದು ಲೆಕ್ಕ ಹಾಕತೊಡಗಿದರು.