ಓವರಿ ಇರ್ಲಿ, ಸರ್ವಿಕ್ಸ್ ಹೋಗ್ಲಿ ಅಂತ ಯಾಕೆ ಹೇಳ್ದೆ

ಗರ್ಭಕೋಶ ತೆಗೆಸೋ ಆಪರೇಷನ್ ಮಾಡಿಸ್ಕೊಂಡ ಮೇಲೆ ಸೋಮವಾರಪೇಟೆ ಕಡೆ ಎಲ್ಲಿ ಸಿಕ್ಕಿದ್ರೂ, ಮದುವೆ ಮನೆ ಆಗ್ಲಿ ಸಂತೆ ಆಗ್ಲಿ, ಹೆಂಗಸರು ಪಕ್ಕಕ್ಕೆ ಕರ್ದು ಮೆಲ್ಲಗೆ ಕೇಳೋದು ಒಂದೇ, "ಎಲ್ಲಾ ತೆಗೆಸ್ಬಿಟ್ಯಾ?" ಅಂತ. ಎಲ್ಲಾ ಅಲ್ಲ ಕಣ್ರೀ. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಇಲ್ಲೇ ಬರೆದುಬಿಡ್ತೀನಿ.

ನಂಗೆ ನಲವತ್ನಾಲ್ಕು. ಫೈಬ್ರಾಯ್ಡ್, ಅಂದ್ರೆ ಗರ್ಭಕೋಶದಲ್ಲಿ ಗಂಟು ಇತ್ತು, ಜೊತೆಗೆ ಅಡಿನೋಮಯೋಸಿಸ್, ಅಂದ್ರೆ ಗರ್ಭಕೋಶದ ಒಳಪದರ ಅದರ ಗೋಡೆ ಒಳಗೇ ಬೆಳ್ಕೊಂಡಿತ್ತು. ಬ್ಲೀಡಿಂಗ್ ಎಷ್ಟಂದ್ರೆ ಕಾಫಿ ಕುಯ್ಲಿನ ಟೈಮಲ್ಲಿ ಕಣದಲ್ಲಿ ನಿಂತ್ಕೊಂಡು ಲೆಕ್ಕ ಬರೆಯೋಕೂ ತಲೆ ಸುತ್ತೋದು. ಮಾತ್ರೆ ಆಯ್ತು, ಹಾರ್ಮೋನ್ ಇರೋ ಕಾಯಿಲ್ ಹಾಕ್ಸಿ ನೋಡಿದ್ದೂ ಆಯ್ತು, ಅದು ಬಹಳ ಜನಕ್ಕೆ ಚೆನ್ನಾಗಿ ಕೆಲಸ ಮಾಡುತ್ತೆ, ನಂಗೆ ಜಾರಿ ಬಿದ್ದೋಯ್ತು. ಆಮೇಲೆ ಮೈಸೂರಿನ ಡಾಕ್ಟ್ರು ಆಪರೇಷನ್ ಅಂದ್ರು.

ಮನೇಲಿ ಅತ್ತೆ ಹೇಳಿದ್ದು, "ಹೆಂಗೂ ಹೊಟ್ಟೆ ತೆರೀತಾರೆ, ಒಂದೇ ಸಲ ಎಲ್ಲಾ ತೆಗೆದ್ಬಿಡ್ಲಿ, ಮತ್ತೆ ಇನ್ನೊಂದ್ಸಲ ಮೈಸೂರಿಗೆ ಓಡೋದು ಬೇಡ." ಈ ಮಾತನ್ನ ನಗಾಡಿ ತಳ್ಳಿಹಾಕೋಕಾಗಲ್ಲ. ನಮ್ಮ ಜಿಲ್ಲೇಲಿ ದೊಡ್ಡ ಟ್ರೀಟ್‌ಮೆಂಟ್ ಅಂದ್ರೆ ಇವತ್ತಿಗೂ ಎಷ್ಟೋ ಜನ ಮೈಸೂರಿಗೋ ಮಂಗಳೂರಿಗೋ ಹೊರಡೋದೇ, ಮಳೆಗಾಲದಲ್ಲಿ ಘಾಟಿ ರಸ್ತೆ ಬೇರೆ, ಲೈನ್ ಮನೇಲಿರೋ ಹೆಂಗಸರಿಗಂತೂ ಹೋದ ದಿನದ ಕೂಲಿ ಹೋದಂಗೇ. ಆದ್ರೆ ಓವರಿ, ಅಂದ್ರೆ ಅಂಡಾಶಯದ ವಿಷಯದಲ್ಲಿ ಈ ಲೆಕ್ಕ ಉಲ್ಟಾ ಹೊಡೆಯುತ್ತೆ.

ನಮ್ಮ ಚಿಕ್ಕಮ್ಮಂಗೆ ನಲವತ್ತರ ಹತ್ರ ಇರೋವಾಗ್ಲೇ ಆಪರೇಷನ್ ಆಗಿತ್ತು. ಜುಲೈ ತಿಂಗಳ ಜಡಿ ಮಳೇಲಿ ಊರಿಗೆ ಊರೇ ಕಂಬಳಿ ಹೊದ್ದು ಒಲೆ ಮುಂದೆ ಕೂತಿರುತ್ತೆ, ಚಿಕ್ಕಮ್ಮ ಮಾತ್ರ ಬೆವರು ಒರೆಸ್ಕೊಂಡು ಕಿಟಕಿ ತೆಗಿ ಅನ್ನೋರು. ಅಂಗಳದ ಪಾಚೀಲಿ ಜಾರಿ ಮಣಿಕಟ್ಟು ಮುರ್ಕೊಂಡಾಗ ವಯಸ್ಸು ಇನ್ನೂ ಐವತ್ತೈದು ದಾಟಿರ್ಲಿಲ್ಲ. ಇದೆಲ್ಲಾ ಆಪರೇಷನ್ನಿಂದ್ಲೇ ಆಗಿದ್ದು ಅಂತ ನಾನು ಹೇಳಲ್ಲ, ಪಾಚಿ ಯಾರನ್ನೂ ಬಿಡಲ್ಲ. ಆದ್ರೆ ಓವರಿ ತೆಗೆದಿದ್ರಾ ಅಂತ ಕೇಳಿದ್ರೆ ಅವರಿಗೇ ಗೊತ್ತಿಲ್ಲ! ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ ನೋಡಿದ್ರೆ "ಟಿಎಎಚ್ ವಿತ್ ಬಿಎಸ್‌ಒ" ಅಂತಿತ್ತು. ಟಿಎಎಚ್ ಅಂದ್ರೆ ಹೊಟ್ಟೆ ಕೊಯ್ದು ಗರ್ಭಕೋಶ ಪೂರ್ತಿ ತೆಗೆದಿದ್ದು, ಬಿಎಸ್‌ಒ ಅಂತ ಬರೆದಿದ್ರೆ ಎರಡೂ ಕಡೆ ಟ್ಯೂಬು ಓವರಿ ಎರಡೂ ಹೋಗಿದೆ ಅಂತ ಅರ್ಥ. ನಿಮ್ಮನೇಲೂ ಅಮ್ಮನದೋ ಅಕ್ಕನದೋ ಸಮ್ಮರಿ ಇದ್ರೆ ತೆಗೆದು ನೋಡಿ.

ಮುಟ್ಟು ನಿಲ್ಲೋಕೆ ಮುಂಚೆ ಎರಡೂ ಓವರಿ ತೆಗೆದ್ರೆ ಮೆನೋಪಾಸ್ ನಿಧಾನಕ್ಕೆ ಬರಲ್ಲ, ಬೆಳಗಾಗೋದ್ರೊಳಗೆ ಬಂದು ಕೂತಿರುತ್ತೆ. ಸೆಕೆ, ನಿದ್ದೆ ಇಲ್ಲದಿರೋದು ಒಂದು ಕಡೆ, ಮೂಳೆ ಸವೆಯೋದು, ಹಾರ್ಟಿನ ತೊಂದ್ರೆ ಜಾಸ್ತಿ ಆಗೋದು ಇನ್ನೊಂದು ಕಡೆ. ಸುಮಾರು ಐವತ್ತು ಐವತ್ತೊಂದರ ತನಕ ಹಾರ್ಮೋನ್ ತಗೊಂಡ್ರೆ ಬಹಳಷ್ಟು ಸರಿ ಹೋಗುತ್ತೆ, ಆದ್ರೆ ಅದಕ್ಕೂ ಡಾಕ್ಟ್ರ ಹತ್ರ ಓಡಾಡ್ಬೇಕು, ಮೈಸೂರು ತಪ್ಪಲ್ಲ. 2009ರಲ್ಲಿ ಅಮೆರಿಕದ ನರ್ಸ್‌ಗಳ ಮೇಲೆ ನಡೆದ ದೊಡ್ಡ ಅಧ್ಯಯನದ ರಿಸಲ್ಟ್ ಬಂತು, ಓವರಿ ತೆಗೆಸಿದವ್ರಲ್ಲಿ ಓವರಿ ಕ್ಯಾನ್ಸರ್ ಕಮ್ಮಿ ಇತ್ತು ನಿಜ, ಆದ್ರೆ ಒಟ್ಟು ಸಾವು ಜಾಸ್ತಿ ಇತ್ತು.

ಕ್ಯಾನ್ಸರ್ ಭಯ ನಂಗೂ ಇತ್ತು. ಈ ಕ್ಯಾನ್ಸರ್‌ಗಳ ಅಪಾಯ ಜಾಸ್ತಿ ಮಾಡೋ ಬಿಆರ್‌ಸಿಎ ಜೀನಿನ ದೋಷ ಇರೋರಿಗೆ, ಮನೇಲಿ ಬ್ರೆಸ್ಟ್ ಅಥವಾ ಓವರಿ ಕ್ಯಾನ್ಸರ್ ಸಾಲಾಗಿ ಬಂದಿರೋರಿಗೆ ಲೆಕ್ಕವೇ ಬೇರೆ, ಏಂಜಲಿನಾ ಜೋಲಿ 2015ರಲ್ಲಿ ತೆಗೆಸಿದ್ದು ಆ ಕಾರಣಕ್ಕೆ. ನಮ್ಮ ಎರಡೂ ಕಡೆ ಅಂಥದ್ದು ಇಲ್ಲ. ಡಾಕ್ಟ್ರು ಹೇಳಿದ ಮಧ್ಯದ ದಾರಿ ನಂಗೆ ಹಿಡಿಸ್ತು, ಓವರಿ ಇಟ್ಕೊಂಡು ಟ್ಯೂಬ್ ಮಾತ್ರ ತೆಗೆಯೋದು, ಯಾಕಂದ್ರೆ ಓವರಿ ಕ್ಯಾನ್ಸರ್ ಅಂತ ಕರೆಯೋದ್ರಲ್ಲಿ ಬಹಳಷ್ಟು ಟ್ಯೂಬಿನ ತುದೀಲಿ ಶುರುವಾಗುತ್ತಂತೆ. ಓವರಿ ಉಳಿಸ್ಕೊಂಡ್ರೂ ಮೆನೋಪಾಸ್ ಸ್ವಲ್ಪ ಬೇಗ ಬರಬಹುದು, ಮುಂದೆ ಸಿಸ್ಟ್ ಆಗಿ ಕೆಲವರಿಗೆ ಮತ್ತೆ ಆಪರೇಷನ್ನೂ ಬೇಕಾಗಬಹುದು. ಅದಕ್ಕೆ ಒಪ್ಕೊಂಡೇ ಸೈನ್ ಹಾಕ್ದೆ.

ಇನ್ನು ಸರ್ವಿಕ್ಸ್. ಅದೇ ಗರ್ಭಕೋಶದ ಬಾಯಿ. ಇದನ್ನ ಉಳಿಸಿದ್ರೆ ಗಂಡ ಹೆಂಡ್ತಿ ಸುಖಕ್ಕೆ ಒಳ್ಳೇದು, ಮೂತ್ರದ ತೊಂದ್ರೆ ಬರಲ್ಲ ಅಂತ ಒಂದು ನಂಬಿಕೆ ಇದೆ, ನಂಗೆ ಸ್ಕೂಲ್ ಫ್ರೆಂಡ್ ಒಬ್ಳು ಫೋನಲ್ಲಿ ಒಂದು ಗಂಟೆ ಪಾಠ ಮಾಡಿದ್ಲು. 2002ರಲ್ಲಿ ಇಂಗ್ಲೆಂಡಲ್ಲಿ ಎರಡು ಗುಂಪು ಮಾಡಿ ಹೋಲಿಸಿ ನೋಡಿದಾಗ ಆ ವ್ಯತ್ಯಾಸ ಕಾಣ್ಲಿಲ್ಲ. ಉಳಿಸಿದ್ರೆ ಆಪರೇಷನ್ ಸ್ವಲ್ಪ ಬೇಗ ಮುಗಿಯುತ್ತೆ, ರಕ್ತ ಸ್ವಲ್ಪ ಕಮ್ಮಿ ಹೋಗುತ್ತೆ. ಸಿಸೇರಿಯನ್ ಆಗಿ ಬ್ಲ್ಯಾಡರ್ ಅಂಟ್ಕೊಂಡಿರೋರಿಗೆ ಬಿಟ್ಟುಬಿಡೋದೇ ಸೇಫ್ ಅಂತ ಸರ್ಜನ್ ಹೇಳಬಹುದು, ಅದು ನ್ಯಾಯವೇ. ನನ್ನ ಹೆರಿಗೆ ಎರಡೂ ನಾರ್ಮಲ್.

ಆದ್ರೆ ಸರ್ವಿಕ್ಸ್ ಇದ್ರೆ ಪ್ಯಾಪ್ ಸ್ಮಿಯರ್, ಅಂದ್ರೆ ಸರ್ವಿಕ್ಸ್ ಕ್ಯಾನ್ಸರ್ ಪತ್ತೆ ಮಾಡೋ ಟೆಸ್ಟ್ ಮುಂದುವರಿಸ್ಬೇಕು, ತಿಂಗಳಿಗೊಮ್ಮೆ ಸ್ವಲ್ಪ ಸ್ಪಾಟಿಂಗ್ ಕೂಡ ಕೆಲವರಿಗೆ ಉಳಿಯುತ್ತೆ. ಬ್ಲೀಡಿಂಗ್ ನಿಲ್ಲಿಸೋಕೆ ಅಂತ ಹೊಟ್ಟೆ ಕೊಯ್ಸ್ಕೊಂಡು ಮತ್ತೆ ಪ್ಯಾಡ್ ತರೋದಾ? ಇನ್ನೊಂದು, ಸರ್ವಿಕ್ಸ್ ಬಿಟ್ಟು ಕೀಹೋಲ್ ಮಾಡಿದ್ರೆ ಗರ್ಭಕೋಶ ಹೊರಗೆ ತರೋಕೆ ಅದನ್ನ ಚೂರು ಚೂರು ಮಾಡ್ಬೇಕಾಗುತ್ತೆ, ಫೈಬ್ರಾಯ್ಡ್ ಅಂದ್ಕೊಂಡಿದ್ದು ಅಪರೂಪಕ್ಕೆ ಕ್ಯಾನ್ಸರ್ ಆಗಿದ್ರೆ ಹೊಟ್ಟೆ ಒಳಗೆ ಹರಡಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಹಾಗೆ ಚೂರು ಮಾಡೋ ಮೆಷಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಇಲ್ಲಿ ಮಾತ್ರ ಅತ್ತೆ ಮಾತೇ ಸರಿ, ಹೋಗ್ಲಿ ಅಂದೆ.

ಕನ್ಸೆಂಟ್ ಫಾರ್ಮಲ್ಲಿ ಪ್ರಿಂಟ್ ಆಗಿದ್ದು ಗರ್ಭಕೋಶ ಅಂತ ಮಾತ್ರ. ಓವರಿ ಕೆಟ್ಟಿರೋದು ಕಂಡ್ರೆ ಮಾತ್ರ ತೆಗೀಬಹುದು, ಚೆನ್ನಾಗಿದ್ರೆ ಬಿಡಬೇಕು ಅಂತ ಪೆನ್ನಲ್ಲಿ ಸೇರಿಸಿಸ್ದೆ. ನರ್ಸ್ ಮುಖ ಸ್ವಲ್ಪ ಗಂಟಾಯ್ತು, ಡಾಕ್ಟ್ರು ಏನೂ ಅನ್ಲಿಲ್ಲ.

ಕುಯ್ಲು ಮುಗಿದು ಹೂಮಳೆ ಬರೋ ಮುಂಚೆ ಮಾಡಿಸ್ಕೊಂಡೆ, ಆರು ವಾರ ಭಾರ ಎತ್ತಂಗಿಲ್ಲ ಅಂದ್ರೆ ತೋಟದ ಮನೇಲಿ ಬೇರೆ ಟೈಮ್ ಸಿಗಲ್ಲ. ಹಾಂ, ತೆಗೆದ ಭಾಗವನ್ನ ಲ್ಯಾಬಲ್ಲಿ ನೋಡಿ ಕೊಡೋ ಬಯಾಪ್ಸಿ ರಿಪೋರ್ಟ್ ಬರೋದು ಮನೆಗೆ ಬಂದ ಮೇಲೆ, ಅದನ್ನ ತರೋಕೆ ಹೋಗದೇ ಬಿಡೋರೇ ಜಾಸ್ತಿ. ಮುಂದೆ ಪ್ಯಾಪ್ ಬೇಕಾ ಬೇಡ್ವಾ ಅನ್ನೋದು ಅದನ್ನ ನೋಡೇ ಹೇಳೋದು, ವಾಟ್ಸಾಪಲ್ಲಾದ್ರೂ ತರಿಸ್ಕೊಳ್ಳಿ.